ಕರೆಂಟು ಹೋದರೆ ಚೆನ್ನಾಗಿ ಬರುವ ರೇಡಿಯೊ

ಮದ್ದೂರಿನವಳು ಅಂದ ತಕ್ಷಣ ಎದುರಿಗಿದ್ದವರು ಕೇಳುವ ಮೊದಲ ಪ್ರಶ್ನೆ, "ವಡೆ ತಂದಿಲ್ವಾ?" ನಾನು ಕೆಲಸ ಮಾಡುವ ಹ್ಯಾಂಗರ್‌ನಲ್ಲೂ ಅಷ್ಟೇ. ಬೇರೆ ರಾಜ್ಯವಾದರೂ ಅಲ್ಲಿ ಕನ್ನಡದವರು ನಾಲ್ಕೈದು ಜನ ಇದ್ದೇವೆ. ನಾನು ಊರಿಗೆ ಹೋಗಿ ಬಂದ ಸೋಮವಾರ ಎಲ್ಲರ ಕಣ್ಣೂ ನನ್ನ ಬ್ಯಾಗಿನ ಮೇಲೆಯೇ. ಮೂರು ವರ್ಷದ ಹಿಂದೆ ಒಂದು ಸೋಮವಾರ ಮಾತ್ರ ವಡೆ ತರೋದು ಮರೆತೇ ಹೋಗಿತ್ತು. ರಾತ್ರಿಯೆಲ್ಲ ರೈಲಿನಲ್ಲಿ ಅಪ್ಪ ಹೇಳಿದ ಒಂದು ಮಾತು ತಲೆ ಕೊರೀತಿತ್ತು.

ನನ್ನ ಕೆಲಸ ಸಣ್ಣ ವಿಮಾನಗಳ ರೇಡಿಯೊ, ಜಿಪಿಎಸ್, ವೈರಿಂಗ್ ಇಂಥವನ್ನು ನೋಡಿಕೊಳ್ಳುವುದು. ಏವಿಯಾನಿಕ್ಸ್ ಅಂತಾರೆ. ಊರಲ್ಲಿ ಯಾರಾದರೂ ಕೇಳಿದರೆ ಅಪ್ಪ, "ಇಮಾನದ ರೇಡಿಯಾ ರಿಪೇರಿ ಮಾಡ್ತವ್ಳೆ" ಅಂತಾನೆ. ಅದಕ್ಕಿಂತ ಸರಿಯಾಗಿ ನನಗೂ ಹೇಳೋಕೆ ಬರಲ್ಲ.

ಸಣ್ಣ ವಿಮಾನ ಅಂದರೆ ಎಷ್ಟು ಸಣ್ಣದು? ಬೆಂಗಳೂರಿನ ಎನ್‌ಎಎಲ್ ರೂಪಿಸಿದ, 1993ರಲ್ಲಿ ಮೊದಲ ಸಲ ಹಾರಿದ ಎರಡು ಸೀಟಿನ ‘ಹಂಸ’ ವಿಮಾನವನ್ನು ನೀವು ಫೋಟೋದಲ್ಲಾದರೂ ನೋಡಿರಬಹುದು. ಪೈಲಟ್ ಆಗೋರು ಕಲಿಯೋದು ಇಂಥ ಪುಟ್ಟ ವಿಮಾನಗಳಲ್ಲೇ. ಒಳಗೆ ಕೂತರೆ ಹಳೇ ಮಾರುತಿ ಕಾರಿನಲ್ಲಿ ಕೂತ ಹಾಗೆ, ಮೊಣಕೈಗೆ ಮೊಣಕೈ ತಾಗುತ್ತೆ. ಅಷ್ಟೇ ಜಾಗದಲ್ಲಿ ಎರಡು ರೇಡಿಯೊ, ಜಿಪಿಎಸ್, ಟ್ರಾನ್ಸ್‌ಪಾಂಡರ್, ಇಂಟರ್‌ಕಾಮ್, ದೀಪಗಳು ಎಲ್ಲಾ ಇರಬೇಕು. ಜೊತೆಗೆ ಈಗ ಪೈಲಟ್‌ನ ಫೋನು, ಟ್ಯಾಬ್ಲೆಟ್ಟು. ಆಂಟೆನಾ ಅಂತೂ ತಲೆಯ ಮೇಲಿನ ತಗಡಿನ ಹೊರಗೇ ಇರುತ್ತೆ, ಒಂದೆರಡು ಮಾರು ದೂರದಲ್ಲಿ. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಎಂಟು ಜನ ಸಂಸಾರ ಮಾಡಿದ ಹಾಗೆ. ಒಬ್ಬರು ಗೊರಕೆ ಹೊಡೆದರೂ ಎಲ್ಲರಿಗೂ ನಿದ್ದೆಯಿಲ್ಲ.

ನಾನು ಹೇಳಹೊರಟಿರೋದು ಅಂಥದ್ದೇ ಒಂದು ಗೊರಕೆಯ ಕಥೆ.

ನಮ್ಮಲ್ಲಿ ಕಲಿಯುತ್ತಿದ್ದ ಒಬ್ಬ ಹುಡುಗ ಕಲಬುರಗಿ ಕಡೆಯವನು. ಹತ್ತೊಂಬತ್ತು ವರ್ಷ. ಅವರಪ್ಪ ಹೊಲದ ಮೇಲೆ ಸಾಲ ತೆಗೆದು ಫೀಸು ಕಟ್ಟಿದ್ದರು ಅನ್ನೋದು ಎಲ್ಲರಿಗೂ ಗೊತ್ತಿತ್ತು, ಅವನೇ ಎಲ್ಲರಿಗೂ ಹೇಳಿಕೊಂಡಿದ್ದ. ಒಬ್ಬನೇ ಹಾರುವ ಸೋಲೊ ಶುರುವಾಗಿ ಕೆಲವು ವಾರ ಆಗಿತ್ತಷ್ಟೇ. ಒಂದು ಬುಧವಾರ ಅವನು ಇಳಿಯಲು ಬರುತ್ತಿದ್ದ. ಎದುರಿಗೆ ಇನ್ನೊಂದು ವಿಮಾನ ರನ್‌ವೇಗೆ ನೇರ ಬರುತ್ತಿತ್ತು. "ಈಗಲೇ ತಿರುಗಬೇಡ, ಇನ್ನೂ ಮುಂದೆ ಹೋಗು" ಅಂತ ಟವರ್ ಎರಡು ಸಲ ಹೇಳಿತು. ಉತ್ತರ ಬರಲಿಲ್ಲ. ಇವನು ತಿರುಗಿಬಿಟ್ಟ. ಆ ಇನ್ನೊಂದು ವಿಮಾನ ಇಳಿಯೋದನ್ನು ಬಿಟ್ಟು ಮತ್ತೆ ಮೇಲೆದ್ದು ಸುತ್ತು ಹಾಕಿತು.

ಯಾರಿಗೂ ಏನೂ ಆಗಲಿಲ್ಲ. ಆದರೆ ಕೆಳಗೆ ಇಳಿದ ಮೇಲೆ ಅವನಿಗೆ ಸಿಕ್ಕ ಬೈಗುಳ ಹ್ಯಾಂಗರ್ ತನಕ ಕೇಳಿಸಿತು. "ರೇಡಿಯೊದಲ್ಲಿ ಸುರ್ ಅಂತ ಸದ್ದಿತ್ತು ಸರ್, ಅದಕ್ಕೇ ವಾಲ್ಯೂಮ್ ಇಳಿಸಿದ್ದೆ" ಅಂದ. ಇನ್‌ಸ್ಟ್ರಕ್ಟರ್ ನಂಬಲಿಲ್ಲ. ಹಿಂದಿನ ದಿನ ಅದೇ ವಿಮಾನದಲ್ಲಿ ಅವರೇ ಹಾರಿದ್ದರು, ರೇಡಿಯೊ ಸ್ವಚ್ಛವಾಗಿತ್ತು. ಸೋಲೊ ನಿಲ್ಲಿಸಿದರು. ಕಿವಿ ಪರೀಕ್ಷೆ ಮಾಡಿಸಿಕೊಂಡು ಬಾ ಅಂದರು. ಪೈಲಟ್ ಆಗಬೇಕಾದವನಿಗೆ ಕಿವಿಯ ಮೇಲೆ ಅನುಮಾನ ಬಂತು ಅಂದರೆ ಅದು ಬರೀ ಬೈಗುಳವಲ್ಲ.

ಸಂಜೆ ಹ್ಯಾಂಗರ್‌ಗೆ ಬಂದು ನಿಂತ. "ಖರೇನ ಕೇಳಿಸಿಲ್ರಿ ಅಕ್ಕಾ" ಅಂದ. ಅಷ್ಟೇ ಅಂದು ಹೋದ.

ದೂರಿನ ಪುಸ್ತಕದಲ್ಲಿ ಅವನು ಬರೆದದ್ದು ಒಂದೇ ಸಾಲು: ಟವರ್ ಫ್ರೀಕ್ವೆನ್ಸಿಯಲ್ಲಿ ಸದ್ದು. ನಮ್ಮ ಭಾಷೆಯಲ್ಲಿ ಇದಕ್ಕೆ ಸ್ನ್ಯಾಗ್ ಅಂತಾರೆ. ಸ್ನ್ಯಾಗ್ ನನ್ನ ಕೈಗೆ ಬಂತು.

ಸದ್ದು ಹುಡುಕೋದು ಒಂಥರಾ ನಾಡಿ ಹಿಡಿದು ನೋಡೋ ಕೆಲಸ. ಪ್ರತಿ ಸದ್ದಿಗೂ ಅದರದ್ದೇ ನಡೆ ಇರುತ್ತೆ. ಎಂಜಿನ್ ವೇಗ ಏರಿಸಿದಂತೆ ಸಿಳ್ಳೆ ಹಾಗೆ ಏರುವ ಸದ್ದು ಬಂದರೆ ಆಲ್ಟರ್ನೇಟರ್ ಮೇಲೆ ಅನುಮಾನ. ವೇಗದ ಜೊತೆ ಟಕಟಕ ಅಂದರೆ ಕಿಡಿ ಕೊಡುವ ಮ್ಯಾಗ್ನೆಟೊ ಅಥವಾ ಅದರ ತಂತಿ. ಎಣಿಸಿದ ಹಾಗೆ ಟಪ್... ಟಪ್... ಅಂದರೆ ರೆಕ್ಕೆ ತುದಿಯ ಮಿಂಚುವ ದೀಪ. ಮೊದಲೆಲ್ಲ ಮೊಬೈಲ್‌ಗೆ ಕರೆ ಬರೋ ಮುಂಚೆ ಸ್ಪೀಕರ್‌ನಲ್ಲಿ ಟರ್‌ಟರ್‌ಟರ್ ಅಂತಿತ್ತಲ್ಲ, ಅದು 2ಜಿ ಫೋನು ಸೆಕೆಂಡಿಗೆ 217 ಸಲ ಸಿಗ್ನಲ್ ಸಿಡಿಸುವುದರ ಸದ್ದು. ಏನೇ ಮಾಡಿದರೂ ಬದಲಾಗದೆ ಒಂದೇ ಸಮ ಸುರ್ ಅನ್ನುತ್ತಿದ್ದರೆ ಕರೆಂಟನ್ನು ಕತ್ತರಿಸಿ ಇಳಿಸುವ ಯಾವುದಾದರೂ ಪುಟ್ಟ ಸರ್ಕ್ಯೂಟ್ ಇರಬೇಕು.

ಎರಡು ದಿನ ಹುಡುಕಿದೆ. ಎಂಜಿನ್ ನಿಲ್ಲಿಸಿ ಬ್ಯಾಟರಿ ಮೇಲೆ ಕೇಳಿದೆ. ಎಂಜಿನ್ ಓಡಿಸಿ ಕೇಳಿದೆ. ಸರ್ಕ್ಯೂಟ್ ಬ್ರೇಕರ್‌ಗಳನ್ನು ಒಂದೊಂದಾಗಿ ಎಳೆದೆ. ಆಂಟೆನಾ ಬುಡ ಬಿಚ್ಚಿ ತಿಕ್ಕಿ ಮತ್ತೆ ಕೂರಿಸಿದೆ. ಹೆಡ್‌ಸೆಟ್ ಬದಲಿಸಿದೆ. ಒಂದನೇ ರೇಡಿಯೊ ತೆಗೆದು ಎರಡನೆಯದರ ಜಾಗಕ್ಕೆ ಹಾಕಿದೆ. ಎಲ್ಲೂ ಸದ್ದಿಲ್ಲ. ರೇಡಿಯೊ ಕೆರೆ ನೀರಿನ ಹಾಗೆ ತಣ್ಣಗೆ ಕೂತಿತ್ತು.

ಶುಕ್ರವಾರ ಸಂಜೆ ಪುಸ್ತಕದಲ್ಲಿ ‘ದೋಷ ಕಂಡುಬಂದಿಲ್ಲ’ ಅಂತ ಬರೆಯಲು ಪೆನ್ನು ತೆಗೆದಿದ್ದೆ. ವಾಯುಪಡೆಯಿಂದ ನಿವೃತ್ತರಾಗಿ ಬಂದಿದ್ದ ನಮ್ಮ ಹಿರಿಯ ಎಂಜಿನಿಯರ್ ಹಿಂದೆ ಬಂದು ನಿಂತರು. "ಅದನ್ನು ಬರೆದರೆ ಆ ಹುಡುಗ ಸುಳ್ಳ ಅಂತ ಸಹಿ ಹಾಕಿದ ಹಾಗೆ. ಊರಿಗೆ ಹೋಗಿ ಬಾಮ್ಮ, ಸೋಮವಾರ ನೋಡೋಣ" ಅಂದರು.

ಶನಿವಾರ ಮಧ್ಯಾಹ್ನ ಮನೆ ತಲುಪಿದೆ. ಮದ್ದೂರು ಪೇಟೆಯಿಂದ ನಮ್ಮೂರಿಗೆ ಆರು ಮೈಲಿ. ವಿ.ಸಿ. ನಾಲೆ ನೀರು, ಕಬ್ಬು, ಭತ್ತ, ಒಂದು ಎಮ್ಮೆ, ಎರಡು ಹಸು. ಸಂಜೆ ಅಪ್ಪ ಜಗಲಿ ಮೇಲೆ ಸುಮ್ಮನೆ ಕೂತಿದ್ದ. ಏನೋ ಕಮ್ಮಿ ಅನ್ನಿಸಿತು. ಆಮೇಲೆ ಹೊಳೆಯಿತು, ರೇಡಿಯೊ ಇಲ್ಲ. ನನಗೆ ಬುದ್ಧಿ ಬಂದಾಗಿಂದ ಆ ಹೊತ್ತಿಗೆ ನಮ್ಮ ಮನೆಯಲ್ಲಿ ಬೆಂಗಳೂರು ಆಕಾಶವಾಣಿಯ ಕೃಷಿರಂಗ ಕೇಳಬೇಕು. ಅದು ಮುಗಿಯೋವರೆಗೆ ಅವ್ವ ಮುದ್ದೆ ತಟ್ಟೆಗೆ ಹಾಕುತ್ತಿರಲಿಲ್ಲ.

"ರೇಡಿಯೊ ಎಲ್ಲಪ್ಪ?"

"ಮೇಲಿಟ್ಟಿವ್ನಿ ಕಣವ್ವ. ಸರ್ಯಾಗಿ ಬರಕಿಲ್ಲ."

"ಸೆಲ್ ಮುಗಿದಿರಬೇಕು."

"ಸೆಲ್ಲು ಒಸಾದೇ. ಕರೆಂಟು ಓದ್ರೆ ಚೆನ್ನಾಗ್ ಬತ್ತದೆ. ಕರೆಂಟು ಬಂತು ಅಂದ್ರೆ ಸುರ್‍ರ್ ಅಂತದೆ."

ಸೆಲ್ ಹಾಕಿದ ರೇಡಿಯೊಗೂ ಕರೆಂಟಿಗೂ ಏನು ಸಂಬಂಧ? ನಾನು ಅಟ್ಟದಿಂದ ರೇಡಿಯೊ ಇಳಿಸಿ ಹಚ್ಚಿದೆ. ಸುರ್ ಅಂತಿತ್ತು. ಅದನ್ನು ಹಿಡಿದುಕೊಂಡು ಮನೆಯೊಳಗೆ ಓಡಾಡಿದೆ. ಹಜಾರದ ನಡುವೆ ನಿಂತಾಗ ಸದ್ದು ಕಿವಿ ಕಿತ್ತು ಹೋಗೋ ಹಾಗೆ ಬಂತು. ತಲೆ ಎತ್ತಿ ನೋಡಿದೆ. ಎಲ್‌ಇಡಿ ಬಲ್ಬು. ಮೊದಲ ಸಂಬಳದಲ್ಲಿ ನಾನೇ ತಂದು ಹಾಕಿದ್ದು. ಸ್ವಿಚ್ ಆರಿಸಿದೆ. ರೇಡಿಯೊದೊಳಗಿನ ಹೆಂಗಸು ಸ್ಪಷ್ಟವಾಗಿ ಎರೆಹುಳು ಗೊಬ್ಬರದ ಬಗ್ಗೆ ಮಾತಾಡುತ್ತಿದ್ದಳು.

ಅಡುಗೆಮನೆಯಿಂದ ಅವ್ವ ಅಂದಳು, "ಅದು ಆವತ್ತಿಂದ್ಲೂ ಅಂಗೇ ಕಣೆ. ನೀನು ನೊಂದ್ಕತೀಯ ಅಂತ ಯೋಳಿಲ್ಲ ನಿಮ್ಮಪ್ಪ."

ಎಂಟು ತಿಂಗಳು. ನಾನು ತಂದ ಬೆಳಕಿಗಾಗಿ ಅಪ್ಪ ಎಂಟು ತಿಂಗಳು ರೇಡಿಯೊ ಬಿಟ್ಟಿದ್ದ. ಕರೆಂಟು ಹೋದ ಹೊತ್ತಲ್ಲಿ ಮಾತ್ರ ಕದ್ದು ಕೇಳುತ್ತಿದ್ದ. ರೇಡಿಯೊ ರಿಪೇರಿ ಮಾಡೋ ಮಗಳು ಪ್ರತಿ ತಿಂಗಳು ಬಂದು ಅದೇ ಬಲ್ಬಿನ ಕೆಳಗೆ ಊಟ ಮಾಡಿ ಹೋಗುತ್ತಿದ್ದೆ, ಒಂದು ದಿನವೂ ಗಮನಿಸಿರಲಿಲ್ಲ.

ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಭಾನುವಾರ ರೈಲಿನಲ್ಲೂ ಅದೇ ಯೋಚನೆ. ಅಪ್ಪನ ರೇಡಿಯೊ ಮೀಡಿಯಂ ವೇವ್, ಬೆಂಗಳೂರು ಕೇಂದ್ರ ಬರೋದು 612 ಕಿಲೋಹರ್ಟ್ಸ್‌ನಲ್ಲಿ. ವಿಮಾನದ ಮಾತು ನಡೆಯೋದು ಅದಕ್ಕಿಂತ ಎಷ್ಟೋ ಮೇಲೆ, 118ರಿಂದ 137 ಮೆಗಾಹರ್ಟ್ಸ್ ನಡುವೆ. ನಿಮ್ಮ ಎಫ್‌ಎಂ ಮುಳ್ಳು 108ಕ್ಕೆ ನಿಂತುಬಿಡುತ್ತಲ್ಲ, ಅದರ ಆಚೆಗಿನ ಬೀದಿಯೆಲ್ಲ ವಿಮಾನಗಳದ್ದೇ. ಆದರೆ ಈ ಎರಡೂ ರೇಡಿಯೊಗಳು ಒಂದು ವಿಷಯದಲ್ಲಿ ಅಣ್ಣತಮ್ಮಂದಿರು. ಎರಡೂ ಎಎಂ. ಅಂದರೆ ಅಲೆಯ ಬಲ ಹೆಚ್ಚು ಕಮ್ಮಿ ಆಗೋದರಲ್ಲೇ ಮಾತು ಅಡಗಿರುತ್ತೆ. ಅಕ್ಕಪಕ್ಕದ ಕರೆಂಟಿನ ಗಲಾಟೆಯೂ ಅಲೆಯ ಬಲವನ್ನೇ ಕೆಡಿಸೋದು, ಹಾಗಾಗಿ ಅದು ಸೀದಾ ಕಿವಿಗೆ ಬರುತ್ತೆ. ಎಫ್‌ಎಂನಲ್ಲಿ ಈ ಕಾಟ ಬಹಳ ಕಮ್ಮಿ.

ಹಾಗಾದರೆ ವಿಮಾನಕ್ಕೂ ಎಫ್‌ಎಂ ಹಾಕಬಹುದಲ್ವಾ ಅಂತ ನೀವು ಕೇಳಬಹುದು. ಎಫ್‌ಎಂನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಜೋರಿರುವವನದ್ದು ಮಾತ್ರ ಕೇಳುತ್ತೆ, ಇನ್ನೊಬ್ಬ ಇದ್ದಾನೆ ಅಂತಲೇ ಗೊತ್ತಾಗಲ್ಲ. ಎಎಂನಲ್ಲಿ ಕೀರಲು ಸದ್ದಾದರೂ ಬಂದು, ಯಾರೋ ಇನ್ನೊಬ್ಬರು ಕರೀತಿದ್ದಾರೆ ಅಂತ ತಿಳಿಯುತ್ತೆ. ಆಕಾಶದಲ್ಲಿ ಅದು ಮುಖ್ಯ. ಅದಕ್ಕೇ ಇವತ್ತಿಗೂ ಎಎಂ.

ಇಷ್ಟೆಲ್ಲ ನನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದ್ದು ಅಪ್ಪನ ಮಾತಿನಲ್ಲಿತ್ತು: ಕರೆಂಟು ಹೋದರೆ ಚೆನ್ನಾಗಿ ಬರುತ್ತೆ. ಅಂದರೆ ಕೆಟ್ಟಿರೋದು ರೇಡಿಯೊ ಅಲ್ಲ, ಪಕ್ಕದಲ್ಲಿ ಉರಿಯುತ್ತಿರೋ ಬೇರೇನೋ. ಹಾಗಾದರೆ ನನ್ನ ಹ್ಯಾಂಗರ್‌ನಲ್ಲಿ ಎರಡು ದಿನವೂ ‘ಕರೆಂಟು ಹೋಗಿತ್ತು’. ಆ ಹುಡುಗ ಹಾರುವಾಗ ಇದ್ದು, ನಾನು ನೋಡುವಾಗ ಇಲ್ಲದೇ ಹೋದದ್ದು ಏನು?

ಸೋಮವಾರ ಅವನನ್ನು ಕರೆಸಿದೆ. "ಬುಧವಾರ ಹೇಗೆ ಕೂತಿದ್ಯೋ ಹಾಗೇ ಕೂತ್ಕೋ. ಬ್ಯಾಗೂ ತಗೊಂಡು ಬಾ" ಅಂದೆ. ಕೂತ. ಬೆಲ್ಟ್ ಹಾಕಿಕೊಂಡ. ತೊಡೆಗೆ ಟ್ಯಾಬ್ಲೆಟ್ ಕಟ್ಟಿಕೊಂಡ, ಅದರಲ್ಲಿ ನಕ್ಷೆ. ಆಮೇಲೆ ಬ್ಯಾಗಿನಿಂದ ಒಂದು ನೀಲಿ ದೀಪದ ಚಾರ್ಜರ್ ತೆಗೆದು ಸಿಗರೇಟ್ ಲೈಟರ್ ಸಾಕೆಟ್‌ಗೆ ಸಿಕ್ಕಿಸಿದ.

ಆ ಚಾರ್ಜರ್ ನನ್ನದು.

ಎರಡು ವಾರದ ಹಿಂದೆ ಅವನ ಟ್ಯಾಬ್ಲೆಟ್ ಬ್ಯಾಟರಿ ಬೇಗ ಇಳಿಯುತ್ತೆ ಅಂದಾಗ, ಕಾರಿಗೆ ಅಂತ ಬಸ್ ಸ್ಟ್ಯಾಂಡ್ ಹತ್ತಿರ ಕೊಂಡಿದ್ದ ನೂರು ರೂಪಾಯಿಯ ಚಾರ್ಜರನ್ನು ನಾನೇ ಕೊಟ್ಟಿದ್ದೆ. ಕೊಟ್ಟು ಮರೆತಿದ್ದೆ. ಇನ್‌ಸ್ಟ್ರಕ್ಟರ್ ಜೊತೆ ಹಾರುವಾಗ ಅವನು ಅದನ್ನು ಹೊರಗೆ ತೆಗೆಯುತ್ತಿರಲಿಲ್ಲ. ನಾನು ಹ್ಯಾಂಗರ್‌ನಲ್ಲಿ ಹುಡುಕುವಾಗ ಅದು ಅವನ ಹಾಸ್ಟೆಲ್ ರೂಮಿನಲ್ಲಿರುತ್ತಿತ್ತು.

ರೇಡಿಯೊ ಹಚ್ಚಿದೆ. ಗ್ರೌಂಡ್ ಫ್ರೀಕ್ವೆನ್ಸಿಯಲ್ಲಿ ಅಷ್ಟೇನಿಲ್ಲ. ಟವರ್ ಫ್ರೀಕ್ವೆನ್ಸಿಗೆ ತಿರುಗಿಸಿದೆ. ಸುರ್‍ರ್... ನಮ್ಮ ಹಜಾರದ್ದೇ ಸದ್ದು. ಚಾರ್ಜರ್ ಕಿತ್ತೆ, ಮೌನ. ಹಾಕಿದೆ, ಸುರ್.

ಆಗೋದಿಷ್ಟೇ. ವಿಮಾನದ ಕರೆಂಟನ್ನು ಫೋನಿಗೆ ಬೇಕಾದ 5 ವೋಲ್ಟ್‌ಗೆ ಇಳಿಸಲು ಚಾರ್ಜರ್ ಅದನ್ನು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಕತ್ತರಿಸುತ್ತೆ. ಆ ಕತ್ತರಿಯ ಸದ್ದು ಅಲ್ಲಿಗೇ ನಿಲ್ಲಲ್ಲ. ಅದರ ಎರಡರಷ್ಟು, ಮೂರರಷ್ಟು, ನೂರರಷ್ಟು ಫ್ರೀಕ್ವೆನ್ಸಿಗಳಲ್ಲಿ ಪ್ರತಿಧ್ವನಿ ಹಾಗೆ ಹರಡುತ್ತೆ. ಒಂದು ಕಡೆ ಜೋರು, ಒಂದು ಕಡೆ ಕಮ್ಮಿ. ಚಾರ್ಜರ್‌ನ ಉದ್ದ ತಂತಿಯೇ ಅದಕ್ಕೆ ಆಂಟೆನಾ. ಒಳ್ಳೆಯ ಚಾರ್ಜರ್‌ನಲ್ಲಿ ಇದನ್ನು ತಡೆಯಲು ಫಿಲ್ಟರ್ ಇರುತ್ತೆ. ಅಗ್ಗದ್ದರಲ್ಲಿ ಮೊದಲು ಉಳಿಸೋದೇ ಆ ಫಿಲ್ಟರನ್ನು. ನನ್ನ ಮನೆಯ ಬಲ್ಬಿನ ಕಥೆಯೂ ಇದೇ.

ಹುಡುಗ ನನ್ನ ಮುಖ ನೋಡಿದ. "ಇದರಿಂದೇನ್ರಿ ಅಕ್ಕಾ?" ಅಂದ. ಹೌದು ಅಂದೆ. ಅವನು ಮತ್ತೇನೂ ಕೇಳಲಿಲ್ಲ. ಕೊಟ್ಟದ್ದು ಯಾರು ಅಂತ ಅವನೂ ಎತ್ತಲಿಲ್ಲ.

ಈಗ ನಿಜ ಹೇಳಿಬಿಡ್ತೀನಿ. ಊಟದ ಹೊತ್ತಿನ ತನಕ ನಾನು ಬಾಯಿ ಬಿಡಲಿಲ್ಲ. ಪರೀಕ್ಷೆಯಾಗದ ಸಾಧನವನ್ನು ಕಾಕ್‌ಪಿಟ್‌ಗೆ ಸಿಕ್ಕಿಸಬಾರದು ಅನ್ನೋದು ನನ್ನ ಕೆಲಸದ ಮೊದಲ ಪಾಠಗಳಲ್ಲೊಂದು. ಅದನ್ನು ಮುರಿದವಳು ನಾನು. ‘ವಿದ್ಯಾರ್ಥಿಯ ಚಾರ್ಜರ್‌ನಿಂದ ಅಡಚಣೆ, ತೆಗೆದುಹಾಕಲಾಗಿದೆ’ ಅಂತ ಬರೆದರೆ ಒಂದಕ್ಷರವೂ ಸುಳ್ಳಲ್ಲ. ಆದರೆ ಬೈಗುಳ ಮತ್ತೆ ಅವನಿಗೇ. ಪೆನ್ನು ಹಿಡಿದು ಕೂತಿದ್ದಾಗ ಜಗಲಿ ಮೇಲೆ ಸುಮ್ಮನೆ ಕೂತಿದ್ದ ಅಪ್ಪನ ನೆನಪಾಯಿತು. ನನ್ನಿಂದಾದ ಸದ್ದಿಗೆ ಇನ್ನೆಷ್ಟು ಜನ ಸುಮ್ಮನಿರಬೇಕು?

ಎದ್ದು ಹಿರಿಯ ಎಂಜಿನಿಯರ್ ಹತ್ತಿರ ಹೋಗಿ ಚಾರ್ಜರ್ ಮೇಜಿನ ಮೇಲಿಟ್ಟೆ. "ಇದು ನಾನು ಕೊಟ್ಟಿದ್ದು ಸರ್."

ಅವರು ಚಾರ್ಜರ್ ಕೈಲಿ ಹಿಡಿದು ತಿರುಗಿಸಿ ನೋಡಿದರು. "ಬರೆದುಕೊಡು" ಅಂದರು. ಬರೆದುಕೊಟ್ಟೆ. ನನಗೆ ಲಿಖಿತ ಎಚ್ಚರಿಕೆ ಬಂತು, ಆ ವರ್ಷದ ಇನ್‌ಕ್ರಿಮೆಂಟ್ ಹೋಯಿತು. ಹುಡುಗನ ಕಿವಿ ಪರೀಕ್ಷೆ ರದ್ದಾಯಿತು. ಇನ್‌ಸ್ಟ್ರಕ್ಟರ್ ಅವನಿಗೆ ಸಾರಿ ಅಂತೇನೂ ಹೇಳಲಿಲ್ಲ. ಗುರುವಾರದ ಬೋರ್ಡಿನಲ್ಲಿ ಅವನ ಹೆಸರು ಮತ್ತೆ ಬರೆದಿತ್ತು, ಅಷ್ಟೇ. ಅವನಿಗೆ ಅಷ್ಟು ಸಾಕಿತ್ತು.

ಸರ್ ಅಲ್ಲಿಗೆ ಬಿಡಲಿಲ್ಲ. ಮರುದಿನ ನನ್ನ ಕೈಲಿ ಒಂದು ದೊಡ್ಡ ಹಾಳೆಯಲ್ಲಿ ಚೌಕ ಹಾಕಿಸಿದರು. ಉದ್ದಕ್ಕೆ ‘ಕಾಡುವವರು’, ಅಡ್ಡಕ್ಕೆ ‘ಕಾಡಿಸಿಕೊಳ್ಳುವವರು’. ಎಲ್ಲ ಆರಿಸಿ, ಒಂದೊಂದೇ ಹಚ್ಚಿ, ಪ್ರತಿ ಜೋಡಿಯನ್ನೂ ನೋಡಿ ಟಿಕ್ ಹಾಕಬೇಕು. ಆಗ ಅವರು ಹೇಳಿಕೊಟ್ಟ ಒಂದು ಲೆಕ್ಕ ನನಗೆ ಈಗಲೂ ಇಷ್ಟ. 121.150 ಮೆಗಾಹರ್ಟ್ಸ್‌ನಲ್ಲಿ ಮಾತಾಡಿದರೆ ಅದರ ಹದಿಮೂರರಷ್ಟು ಎಷ್ಟು? 1574.95. ಜಿಪಿಎಸ್ ಉಪಗ್ರಹಗಳು ಮಾತಾಡೋದು 1575.42ರಲ್ಲಿ. ಪಕ್ಕದ ಮನೆ! 131.250ರ ಹನ್ನೆರಡರಷ್ಟೂ ಅಲ್ಲಿಗೇ ಬರುತ್ತೆ. ಉಪಗ್ರಹ ಇರೋದು ಸುಮಾರು 20,200 ಕಿ.ಮೀ. ಮೇಲೆ. ಅದರ ಸಿಗ್ನಲ್ ನಮ್ಮ ತನಕ ಬರೋ ಹೊತ್ತಿಗೆ ಒಂದು ವ್ಯಾಟ್ ಅನ್ನು ಕೋಟಿ ಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲಿಗಿಂತಲೂ ಕಮ್ಮಿ. ಪಿಸುಮಾತು ಕೇಳುತ್ತಾ ಕೂತವರ ಪಕ್ಕ ಯಾರೋ ಕೆಮ್ಮಿದ ಹಾಗೆ, ನಮ್ಮದೇ ರೇಡಿಯೊದ ಹದಿಮೂರನೇ ಪ್ರತಿಧ್ವನಿ ಜಿಪಿಎಸ್‌ಗೆ ದಾರಿ ತಪ್ಪಿಸಬಹುದು. ಹಾಗಾಗಿ ಆ ಫ್ರೀಕ್ವೆನ್ಸಿಗಳಲ್ಲಿ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು ಜಿಪಿಎಸ್ ಪರದೆಯ ಮೇಲೆ ಕಣ್ಣಿಡಬೇಕು. ನಮ್ಮ ವಿಮಾನದಲ್ಲಿ ಅದು ಅಲುಗಾಡಲಿಲ್ಲ. ಮೂರು ದಿನ ಆಯಿತು ಆ ಹಾಳೆ ತುಂಬಲು. ಅದಾದ ಮೇಲೆ ವಿಮಾನಕ್ಕೆಂದೇ ಪ್ರಮಾಣೀಕರಿಸಿದ ಯುಎಸ್‌ಬಿ ಪೋರ್ಟನ್ನು ಒಂದೊಂದೇ ವಿಮಾನಕ್ಕೆ ಹಾಕಿಸಿದರು. ಬ್ಯಾಗಿನ ಚಾರ್ಜರ್‌ಗಳಿಗೆ ನಿಷೇಧ.

ನಿಮ್ಮ ಮನೆಯಲ್ಲೂ ರೇಡಿಯೊ ಸುರ್ ಅಂದರೆ ಇದೇ ವಿದ್ಯೆ ಸಾಕು. ರೇಡಿಯೊವನ್ನು ಸೆಲ್ ಮೇಲೆ ಹಚ್ಚಿ ಮನೆಯ ಮೈನ್ ಸ್ವಿಚ್ ಆರಿಸಿ. ಸದ್ದು ಹೋಯಿತಾ? ಕಳ್ಳ ಮನೆಯೊಳಗೇ ಇದ್ದಾನೆ. ಬಲ್ಬು, ಚಾರ್ಜರ್, ಅಡಾಪ್ಟರ್ ಒಂದೊಂದಾಗಿ ಹಚ್ಚುತ್ತಾ ಹೋಗಿ. ಸಿಕ್ಕ ಮೇಲೆ ದೂರ ಇಡಿ, ಇಲ್ಲವೇ ಬದಲಿಸಿ. ಕೆಲವು ಲ್ಯಾಪ್‌ಟಾಪ್ ಚಾರ್ಜರ್‌ಗಳ ತಂತಿಯ ತುದಿಯಲ್ಲಿ ಗಡುಸು ಗಂಟು ಇರುತ್ತಲ್ಲ, ಅದು ಫೆರೈಟ್. ಇಂಥ ಸದ್ದನ್ನು ತಂತಿಯಲ್ಲೇ ತಡೆಯಲು ಇರೋದು. ಇನ್ನು ವಿಮಾನದಲ್ಲಿ ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿ ಅಂದಾಗ ಮುಖ ಸಿಂಡರಿಸಬೇಡಿ. ನಿಮ್ಮ ಒಂದು ಫೋನಿಂದ ವಿಮಾನ ಬೀಳಲ್ಲ, ನಿಜ. ಆದರೆ ಮುಂದೆ ಕೂತವರ ಕಿವಿಯಲ್ಲಿ ಯಾವ ಮಾತು ಮುಳುಗುತ್ತೆ ಅಂತ ಹಿಂದೆ ಕೂತವರಿಗೆ ಗೊತ್ತಾಗಲ್ಲ.

ಮುಂದಿನ ಸಲ ಊರಿಗೆ ಹೋದಾಗ ಅಪ್ಪನ ರೇಡಿಯೊ ಕೈಲಿ ಹಿಡಿದೇ ಮದ್ದೂರು ಪೇಟೆಗೆ ಹೋದೆ. ಅಂಗಡಿಯವರು ಒಂದೊಂದೇ ಬಲ್ಬು ಹಚ್ಚಿ ತೋರಿಸಿದರು, ನಾನು ರೇಡಿಯೊ ಹತ್ತಿರ ಹಿಡಿದು ಕೇಳಿದೆ. ಬಲ್ಬು ಕೊಳ್ಳೋಕೆ ರೇಡಿಯೊ ತಂದವಳನ್ನು ಅವರು ಮೊದಲ ಸಲ ನೋಡಿದ್ದಿರಬೇಕು. ಮೂರನೆಯ ಬಲ್ಬು ಸುಮ್ಮನಿತ್ತು. ಅದನ್ನೇ ತಂದು ಹಜಾರಕ್ಕೆ ಹಾಕಿದೆ. ಸಂಜೆ ಬೆಳಕೂ ಇತ್ತು, ಕೃಷಿರಂಗವೂ ಇತ್ತು.

"ಮೊದ್ಲೇ ಯಾಕೆ ಹೇಳಲಿಲ್ಲಪ್ಪ?" ಅಂತ ಕೇಳಿದೆ.

"ಮೊದಲ್ನೇ ಸಂಬಳದಲ್ಲಿ ತಂದಿದ್ಯಲ್ಲವ್ವ" ಅಂದ.

ಹಳೇ ಬಲ್ಬನ್ನು ಅಪ್ಪ ಬಿಸಾಕಿಲ್ಲ. ಕೊಟ್ಟಿಗೆಗೆ ಹಾಕಿದ್ದಾನೆ. ಹಸುಗಳೇನು ರೇಡಿಯಾ ಕೇಳಕಿಲ್ವಲ್ಲ, ಅಂತಾನೆ.